ಮೂರು ಪಂದ್ಯ ಹಿಂದೆ, ಇಪ್ಪತ್ನಾಲ್ಕು ಬಾಕಿ: ಪೆನಂಟ್ ಇನ್ನೂ ಕೈಗೆಟಕುತ್ತದೆಯೇ?

ಪ್ರಶ್ನೆ: ನಾವು ಹನ್ನೆರಡು ಜನ ಗೆಳೆಯರು ಕಂಪ್ಯೂಟರಿನಲ್ಲಿ ಒಂದು ಬೇಸ್‌ಬಾಲ್ ಲೀಗ್ ನಡೆಸುತ್ತಿದ್ದೇವೆ. ಆಟಗಾರರೆಲ್ಲ ಕಾಲ್ಪನಿಕ. ಪಂದ್ಯ ಆಡಿಸುವುದು ಸಾಫ್ಟ್‌ವೇರ್. ತಂಡ ಕಟ್ಟುವುದು, ಬ್ಯಾಟಿಂಗ್ ಕ್ರಮ ಮತ್ತು ಪಿಚರ್‌ಗಳ (ಚೆಂಡು ಎಸೆಯುವವರ) ಸರದಿ ಬರೆದುಕೊಡುವುದು ನಮ್ಮ ಕೆಲಸ. 162 ಪಂದ್ಯಗಳ ಸೀಸನ್, ಆರಾರು ತಂಡಗಳ ಎರಡು ಡಿವಿಷನ್. ಡಿವಿಷನ್ನಿನಲ್ಲಿ ಮೊದಲು ಬಂದವರಿಗಷ್ಟೇ ಪೆನಂಟ್ (ಪ್ರಶಸ್ತಿ ಪತಾಕೆ), ಮೊದಲ ಸ್ಥಾನ ತಪ್ಪಿದವರಿಗೆ ವೈಲ್ಡ್ ಕಾರ್ಡ್ ಎಂಬ ಹೆಚ್ಚುವರಿ ಅವಕಾಶ ಇಲ್ಲ. ಇಬ್ಬರು ಸಮ ಬಂದರೆ ಪರಸ್ಪರ ಆಡಿದ ಪಂದ್ಯಗಳ ಲೆಕ್ಕ. ಈಗ ಮೊದಲ ತಂಡ 83 ಗೆಲುವು, 55 ಸೋಲು. ನಾನು 80–58. ಮೂರನೆಯವರು 79–57, ಮುಂದೂಡಿದ ಎರಡು ಪಂದ್ಯ ಅವರಿಗೆ ಬಾಕಿ. ಮೊದಲ ತಂಡ ಹೊಡೆದ ರನ್ 672, ಕೊಟ್ಟದ್ದು 590. ನನ್ನದು 702 ಮತ್ತು 580. ಮೂರನೆಯವರದು 610 ಮತ್ತು 520. ಒಂದೇ ರನ್ನಿನಲ್ಲಿ ಮುಗಿದ ಪಂದ್ಯಗಳಲ್ಲಿ ಮೊದಲ ತಂಡ 27–14, ನಾನು 15–22. ಅವರ ವಿರುದ್ಧ ನನ್ನ ಲೆಕ್ಕ 6–7, ಇನ್ನೂ ಆರು ಪಂದ್ಯ ಇವೆ: ನನ್ನ ಬಾಕಿ ಪಂದ್ಯಗಳಲ್ಲಿ 10ರಿಂದ 12 ನನ್ನ ಮೈದಾನದಲ್ಲಿ, ಕೊನೆಯ ಮೂರು ಅವರಲ್ಲಿ. ಎರಡೂ ಸರಣಿಗೆ ಮುನ್ನ ಒಂದೊಂದು ದಿನ ರಜೆ. ಅವರು ಕಳೆದ ಹನ್ನೊಂದರಲ್ಲಿ ಒಂಬತ್ತು ಗೆದ್ದು ಭರ್ಜರಿ ಓಟದಲ್ಲಿದ್ದಾರೆ. ನನ್ನ ಮುಖ್ಯ ಪಿಚರ್‌ನನ್ನು ಕಡಿಮೆ ವಿಶ್ರಾಂತಿಯಲ್ಲಿ ಇಳಿಸಿಬಿಡಲೇ? ನನಗೆ ಅವಕಾಶ ಎಷ್ಟಿದೆ?

ಉತ್ತರ: ಐದರಲ್ಲಿ ಒಂದು ಪಾಲು. ಮೊದಲ ತಂಡಕ್ಕೆ ನೂರಕ್ಕೆ ಅರವತ್ತು, ಉಳಿದ ನಲವತ್ತನ್ನು ನೀವೂ ಮೂರನೆಯವರೂ ಹೆಚ್ಚುಕಡಿಮೆ ಸರಿಸಮ ಹಂಚಿಕೊಳ್ಳುತ್ತೀರಿ. ಮುಖ್ಯ ಪಿಚರ್‌ನನ್ನು ಕಡಿಮೆ ವಿಶ್ರಾಂತಿಯಲ್ಲಿ ಇಳಿಸಬೇಡಿ. ಅದರ ಅಗತ್ಯವೇ ಬೀಳದ ಹಾಗೆ ನಿಮ್ಮ ವೇಳಾಪಟ್ಟಿ ಇದೆ. ಅದನ್ನು ಆಮೇಲೆ ಪಂದ್ಯ ಪಂದ್ಯವಾಗಿ ಹೇಳುತ್ತೇನೆ.

ಮೊದಲು ಅಂಕಪಟ್ಟಿ. ಎಷ್ಟು ಪಂದ್ಯ ಹಿಂದಿದ್ದೇವೆ ಎಂದು ನೋಡಲು ಗೆಲುವಿನ ಅಂತರಕ್ಕೆ ಸೋಲಿನ ಅಂತರ ಕೂಡಿಸಿ ಅರ್ಧ ಮಾಡುತ್ತಾರೆ. ನಿಮಗೆ ಮೂರು ಮತ್ತು ಮೂರು, ಅರ್ಧ ಮಾಡಿದರೆ ಮೂರು. ಮೂರನೆಯವರಿಗೆ ನಾಲ್ಕು ಮತ್ತು ಎರಡು, ಅದೂ ಮೂರು. ಪಟ್ಟಿಯಲ್ಲಿ ಇಬ್ಬರೂ ಒಂದೇ ಮೆಟ್ಟಿಲಲ್ಲಿ ಕಂಡರೂ ಹಳಬರು ಸೋಲಿನ ಕಾಲಂ ನೋಡಿ ಎನ್ನುವುದು ಇಂಥ ಹೊತ್ತಿಗಾಗಿಯೇ. ಆಡದ ಪಂದ್ಯವನ್ನು ಗೆಲ್ಲಬಹುದು, ಸೋತದ್ದು ಸೋತ ಹಾಗೇ. ಸೋಲಿನಲ್ಲಿ ಅವರು ಮೊದಲ ತಂಡಕ್ಕಿಂತ ಎರಡೇ ಹಿಂದೆ, ನೀವು ಮೂರು. ಹಾಗೆಂದು ಅವರನ್ನು ಕಂಡು ಹೆದರಬೇಕಿಲ್ಲ. ನಿಮಗಿರುವಷ್ಟೇ ದಿನಗಳಲ್ಲಿ ಅವರು ಎರಡು ಪಂದ್ಯ ಹೆಚ್ಚು ಆಡಬೇಕು, ಅಂದರೆ ರಜೆಯಿಲ್ಲದೆ ಆಡಬೇಕು, ಇಲ್ಲವೇ ಒಂದೇ ದಿನ ಎರಡೆರಡು ಪಂದ್ಯ. 520 ರನ್ನಷ್ಟೇ ಬಿಟ್ಟುಕೊಟ್ಟ ತಂಡ ನಿಂತಿರುವುದೇ ಪಿಚಿಂಗ್ ಮೇಲೆ, ಮತ್ತು ಇಂಥ ವೇಳಾಪಟ್ಟಿ ಮೊದಲು ಸುಸ್ತು ಮಾಡುವುದು ಅದನ್ನೇ.

ಮ್ಯಾಜಿಕ್ ನಂಬರ್ ಕೂಡ ಒಮ್ಮೆ ಹಾಕಿಟ್ಟುಕೊಳ್ಳಿ: 163ರಲ್ಲಿ ಮೊದಲ ತಂಡದ ಗೆಲುವು 83 ಕಳೆದು, ನಿಮ್ಮ ಸೋಲು 58 ಕಳೆದರೆ 22. ಅವರ ಮುಂದಿನ ಗೆಲುವುಗಳೂ ನಿಮ್ಮ ಮುಂದಿನ ಸೋಲುಗಳೂ ಸೇರಿ 22 ಆದ ದಿನ ನಿಮ್ಮ ಕಥೆ ಮುಗಿಯಿತು. ಬಾಕಿ ಇರುವುದು 24 ಪಂದ್ಯ, ಹಾಗಾಗಿ ಈ ಸಂಖ್ಯೆ ಇನ್ನೂ ಏನನ್ನೂ ಹೇಳುತ್ತಿಲ್ಲ. ಹತ್ತಕ್ಕಿಳಿದಾಗ ನೋಡಿದರೆ ಸಾಕು.

ನಿಜವಾದ ಸುದ್ದಿ ಇರುವುದು ರನ್‌ಗಳಲ್ಲಿ. ಬೇಸ್‌ಬಾಲ್ ಅಂಕಿಅಂಶಗಳ ಲೆಕ್ಕಾಚಾರಕ್ಕೆ ಹೆಸರಾದ ಬಿಲ್ ಜೇಮ್ಸ್ ಕೊಟ್ಟ ಒಂದು ಸರಳ ಸೂತ್ರವಿದೆ: ಹೊಡೆದ ರನ್ನಿನ ವರ್ಗವನ್ನು, ಹೊಡೆದದ್ದರ ಮತ್ತು ಕೊಟ್ಟದ್ದರ ವರ್ಗಗಳ ಮೊತ್ತದಿಂದ ಭಾಗಿಸಿದರೆ, ಆ ತಂಡ ಎಷ್ಟು ಪಾಲು ಪಂದ್ಯ ಗೆಲ್ಲಬೇಕಿತ್ತು ಎಂಬ ಅಂದಾಜು ಸಿಗುತ್ತದೆ. ಮೊದಲ ತಂಡದ 672ರ ವರ್ಗ 4,51,584. 590ರ ವರ್ಗ 3,48,100. ಭಾಗಿಸಿದರೆ ಶೇ. 56.5, ಅಂದರೆ 138 ಪಂದ್ಯಗಳಲ್ಲಿ 78 ಗೆಲುವು. ಅವರ ಬಳಿ ಇರುವುದು 83. ನಿಮ್ಮದನ್ನು ಹಾಗೇ ಮಾಡಿದರೆ ಶೇ. 59.4, ಅಂದರೆ 82. ನಿಮ್ಮ ಬಳಿ ಇರುವುದು 80. ಮೂರನೆಯವರಿಗೆ 79 ಬರಬೇಕಿತ್ತು, ಬಂದದ್ದೂ 79. ಮೂವರಲ್ಲಿ ಬಲವಾದ ತಂಡ ನಿಮ್ಮದು.

ಈ ಐದು ಗೆಲುವು ಮೊದಲ ತಂಡಕ್ಕೆ ಎಲ್ಲಿಂದ ಬಂದವು ಎಂಬುದಕ್ಕೆ ಉತ್ತರವನ್ನು ನೀವೇ ಬರೆದಿದ್ದೀರಿ: ಒಂದು ರನ್ನಿನ ಪಂದ್ಯಗಳಲ್ಲಿ 27–14. ಒಳ್ಳೆಯ ಬುಲ್‌ಪೆನ್ (ಪಂದ್ಯದ ನಡುವೆ ಇಳಿಯುವ ಬದಲಿ ಪಿಚರ್‌ಗಳ ಗುಂಪು) ಇದ್ದವರು ಇಂಥ ಪಂದ್ಯಗಳಲ್ಲಿ ಸ್ವಲ್ಪ ಮೇಲುಗೈ ಪಡೆಯುವುದುಂಟು. ಮೂರರಲ್ಲಿ ಎರಡು ಗೆಲ್ಲುವಷ್ಟು ಮೇಲುಗೈ ಯಾವ ಬುಲ್‌ಪೆನ್ನಿಗೂ ಇಲ್ಲ. ಬಹುಪಾಲು ಅದೃಷ್ಟ. ಕ್ರಿಕೆಟ್ ನೋಡಿ ಬೆಳೆದವರಿಗೆ ಇಲ್ಲೊಂದು ಎಡವಟ್ಟು ಆಗುತ್ತದೆ. ನೆಟ್ ರನ್ ರೇಟ್ ಅಂಕಪಟ್ಟಿಯಲ್ಲೇ ಕೂತಿರುವುದರಿಂದ ಅದಕ್ಕೊಂದು ಬೆಲೆ ಸಿಗುತ್ತದೆ ಎಂಬ ನಿರೀಕ್ಷೆ ಅಭ್ಯಾಸವಾಗಿಬಿಟ್ಟಿದೆ. ಬೇಸ್‌ಬಾಲ್‌ನಲ್ಲಿ ನಿಮ್ಮ 122 ರನ್ನಿನ ಮುನ್ನಡೆಗೆ ಪಟ್ಟಿಯಲ್ಲಿ ಕವಡೆ ಕಾಸಿನ ಕಿಮ್ಮತ್ತಿಲ್ಲ. ಮುಂದೆ ಏನಾಗಬಹುದು ಎಂದು ಊಹಿಸಲು ಮಾತ್ರ ಅದು ಬೇಕು.

ಹಾಗಾದರೆ ಬಲವಾದ ತಂಡಕ್ಕೆ ಬರೀ ಐದರಲ್ಲಿ ಒಂದು ಪಾಲು ಯಾಕೆ? ಸೂತ್ರ ಕೊಟ್ಟ ಶೇ. 59.4 ಕೂಡ ನಿಮ್ಮ ನಿಜವಾದ ಬಲವಲ್ಲ. ಅದರಲ್ಲೂ ಅದೃಷ್ಟದ ಪಾಲಿದೆ. ಎಲ್ಲರನ್ನೂ ಸ್ವಲ್ಪ ಮಧ್ಯಕ್ಕೆ ಎಳೆದು ನೋಡಿದರೆ ನಿಮ್ಮನ್ನು ಶೇ. 56.5ರ ತಂಡ, ಮೊದಲ ತಂಡವನ್ನು 54.5ರ ತಂಡ ಎನ್ನಬಹುದು. ಈ ಎರಡರ ವ್ಯತ್ಯಾಸ 24 ಪಂದ್ಯಗಳಲ್ಲಿ ಅರ್ಧ ಗೆಲುವು. ಕೈಯಲ್ಲಿರುವ ಮೂರು ಗೆಲುವಿನ ಮುಂದೆ ಆ ಅರ್ಧ ಏನೇನೂ ಅಲ್ಲ. ಸೀಸನ್ ಶುರುವಾಗುವ ಏಪ್ರಿಲಿನಲ್ಲಾಗಿದ್ದರೆ ಬಲವೇ ಗೆಲ್ಲುತ್ತಿತ್ತು. ಈಗ ಗಡುವು ಹತ್ತಿರ ಬಂದುಬಿಟ್ಟಿದೆ. ನಿಮ್ಮನ್ನು ಉಳಿಸಬಲ್ಲದ್ದು ಏರುಪೇರು. 24 ಪಂದ್ಯಗಳಲ್ಲಿ ಎರಡು ತಂಡಗಳ ನಡುವಿನ ಅಂತರ ಅದೃಷ್ಟದಿಂದಲೇ ಮೂರೂವರೆ ಗೆಲುವಿನಷ್ಟು ಅತ್ತಿತ್ತ ಆಗುವುದು ತೀರಾ ಮಾಮೂಲು. ಪರಸ್ಪರ ಆರು ಪಂದ್ಯ ಇರುವುದರಿಂದ ಅದು ನಾಲ್ಕರ ಹತ್ತಿರ ಹೋಗುತ್ತದೆ. ಹಿಂದಿರುವವನಿಗೆ ಏರುಪೇರು ಹೆಚ್ಚಿದಷ್ಟೂ ಒಳ್ಳೆಯದು.

ಅವರ ‘ಭರ್ಜರಿ ಓಟ’ದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾಣ್ಯವನ್ನು ಹನ್ನೊಂದು ಸಲ ಚಿಮ್ಮಿದರೆ ಒಂಬತ್ತು ಅಥವಾ ಹೆಚ್ಚು ಸಲ ಒಂದೇ ನಿರ್ದಿಷ್ಟ ಮುಖ ಬೀಳುವ ಸಾಧ್ಯತೆ ನೂರಕ್ಕೆ ಮೂರು. 138 ಪಂದ್ಯಗಳಲ್ಲಿ ಸತತ ಹನ್ನೊಂದರ ಇಂಥ ತುಣುಕುಗಳು 128 ಸಿಗುತ್ತವೆ. ಸಾಧಾರಣ ತಂಡಕ್ಕೂ ಸೀಸನ್ನಿನಲ್ಲಿ ಒಂದೆರಡು ಸಲ ಇಂಥ ಓಟ ಬಾರದಿದ್ದರೇ ಆಶ್ಚರ್ಯ. ನಿಜವಾದ ಮೈದಾನದಲ್ಲಿ ಹುಮ್ಮಸ್ಸು ಇದೆಯೋ ಇಲ್ಲವೋ ಎಂದು ಬೆಳಗಿನವರೆಗೂ ವಾದ ಮಾಡಬಹುದು. ಸಿಮ್ಯುಲೇಶನ್‌ನಲ್ಲಿ ವಾದಕ್ಕೆ ಜಾಗವಿಲ್ಲ: ಪ್ರೋಗ್ರಾಮ್ ಬರೆದವರು ಹಾಕಿದ್ದರೆ ಇದೆ, ಹಾಕದಿದ್ದರೆ ಇಲ್ಲ. 1961ರಲ್ಲಿ ಹಾಲ್ ರಿಚ್‌ಮನ್ ಮಾರುಕಟ್ಟೆಗೆ ತಂದ ಸ್ಟ್ರಾಟ್-ಒ-ಮ್ಯಾಟಿಕ್ ಎಂಬ ಕಾರ್ಡ್ ಆಟವನ್ನೇ ನೋಡಿ. ಮೂರು ದಾಳ ಉರುಳಿಸಬೇಕು. ಒಂದು ದಾಳದಲ್ಲಿ ಒಂದರಿಂದ ಮೂರು ಬಿದ್ದರೆ ಬ್ಯಾಟರ್‌ನ ಕಾರ್ಡಿನಲ್ಲಿ ಫಲಿತಾಂಶ ನೋಡಬೇಕು, ನಾಲ್ಕರಿಂದ ಆರು ಬಿದ್ದರೆ ಪಿಚರ್‌ನ ಕಾರ್ಡಿನಲ್ಲಿ. ಸೆಪ್ಟೆಂಬರ್ ಬಂತೆಂದು ದಾಳಕ್ಕೆ ಕೈ ನಡುಗುವುದಿಲ್ಲ. ಇಂದಿನ ಕೆಲವು ಕಂಪ್ಯೂಟರ್ ಆಟಗಳಲ್ಲಿ ಆಟಗಾರರ ಮನೋಬಲಕ್ಕೆ ಒಂದು ಅಂಶ ಇಟ್ಟಿರುತ್ತಾರೆ. ನಿಮ್ಮ ಲೀಗಿನ ಸೆಟಿಂಗ್ಸ್‌ನಲ್ಲಿ ಅದು ಚಾಲೂ ಇದೆಯೇ ಎಂದು ಒಮ್ಮೆ ನೋಡಿಕೊಳ್ಳಿ. ಇಲ್ಲದಿದ್ದರೆ ಆ ಒಂಬತ್ತು ಗೆಲುವುಗಳು ಪಟ್ಟಿಯಲ್ಲಿ ಜಮೆಯಾಗಿವೆ, ಅಷ್ಟೇ. ಹತ್ತನೆಯದಕ್ಕೆ ಅವುಗಳಿಂದ ಯಾವ ಸಹಾಯವೂ ಇಲ್ಲ.

ಈಗ ಆ ಆರು ಪಂದ್ಯಗಳು. ನಿಮ್ಮ ಪೆನಂಟ್ ಇರುವುದು ಅಲ್ಲಿ. ಬೇರೆ ತಂಡದ ವಿರುದ್ಧ ಗೆದ್ದರೆ ಅಂತರ ಅರ್ಧ ಪಂದ್ಯದಷ್ಟು ಕುಗ್ಗುತ್ತದೆ, ಉಳಿದರ್ಧ ಮೊದಲ ತಂಡ ಅಂದು ಏನು ಮಾಡುತ್ತದೆ ಎಂಬುದರ ಮೇಲೆ ನಿಂತಿರುತ್ತದೆ. ಅವರ ವಿರುದ್ಧವೇ ಗೆದ್ದರೆ ಒಂದು ಇಡೀ ಪಂದ್ಯ. ಆರರಲ್ಲಿ ನಾಲ್ಕು ಗೆದ್ದಿರಿ ಎನ್ನಿ. ಅಂತರ ಮೂರರಿಂದ ಒಂದಕ್ಕೆ ಇಳಿಯಿತು, ಜೊತೆಗೆ 6–7 ಇದ್ದ ಪರಸ್ಪರ ಲೆಕ್ಕ 10–9 ಆಯಿತು, ಅಂದರೆ ಸಮ ಬಂದರೂ ಪೆನಂಟ್ ನಿಮ್ಮದು. ಆಗ ಉಳಿದ ಹದಿನೆಂಟು ಪಂದ್ಯಗಳಲ್ಲಿ ನೀವು ಅವರಿಗಿಂತ ಒಂದು ಹೆಚ್ಚು ಗೆದ್ದರೆ ಸಾಕು, ಅದು ಹೆಚ್ಚುಕಡಿಮೆ ಐವತ್ತು-ಐವತ್ತರ ಮಾತು. ಮೂರು ಗೆದ್ದು ಮೂರು ಸೋತರೆ? 9–10, ಸಮ ಬಂದರೆ ಅವರದು. ಉಳಿದ ಹದಿನೆಂಟರಲ್ಲಿ ನಾಲ್ಕು ಹೆಚ್ಚು ಗೆಲ್ಲಬೇಕು. ಅವಕಾಶ ನೂರಕ್ಕೆ ಹದಿನೈದಕ್ಕೆ ಕುಸಿಯುತ್ತದೆ. ಮೂರಕ್ಕೂ ನಾಲ್ಕಕ್ಕೂ ನಡುವೆ ಇರುವುದು ಒಂದೇ ಪಂದ್ಯ, ಅದರ ಬೆಲೆ ನೂರಕ್ಕೆ ಮೂವತ್ತೈದು. ಇಡೀ ಸೀಸನ್ನಿನಲ್ಲಿ ಇಷ್ಟು ತೂಕದ ಪಂದ್ಯ ಇನ್ನೊಂದಿಲ್ಲ. ಐದು ಗೆದ್ದರಂತೂ ನೀವೇ ಮುಂದೆ.

ನಿಜವಾದ ಬೇಸ್‌ಬಾಲ್‌ನಲ್ಲೂ ದೊಡ್ಡ ತಿರುವುಗಳು ಹೀಗೇ ಆದದ್ದುಂಟು. 1978ರಲ್ಲಿ ನ್ಯೂಯಾರ್ಕ್ ಯಾಂಕೀಸ್ ಜುಲೈ ಮಧ್ಯದ ಹೊತ್ತಿಗೆ ಬಾಸ್ಟನ್ ರೆಡ್ ಸಾಕ್ಸ್‌ಗಿಂತ 14 ಪಂದ್ಯ ಹಿಂದಿತ್ತು. ಸೆಪ್ಟೆಂಬರ್ 7ರಂದು ಬಾಸ್ಟನ್ನಿನ ಫೆನ್‌ವೇ ಪಾರ್ಕಿಗೆ ಬಂದಾಗ ಅಂತರ ನಾಲ್ಕು. ನಾಲ್ಕು ದಿನಗಳಲ್ಲಿ 15–3, 13–2, 7–0, 7–4, ನಾಲ್ಕೂ ಯಾಂಕೀಸ್ ಗೆಲುವು. ಊರು ಬಿಡುವಾಗ ಇಬ್ಬರೂ ಸಮ. ಕೊನೆಗೆ ಅಕ್ಟೋಬರ್ 2ರಂದು 163ನೇ ಪಂದ್ಯ ಆಡಬೇಕಾಗಿ ಬಂತು. ಯಾಂಕೀಸ್‌ನ ಬಕಿ ಡೆಂಟ್ ಹೊಡೆದ ಹೋಮ್ ರನ್ನಿಗಾಗಿ ಇಂದಿಗೂ ನೆನಪಿರುವ ಆ ಪಂದ್ಯವನ್ನು ಯಾಂಕೀಸ್ 5–4ಕ್ಕೆ ಗೆದ್ದಿತು. (ಇಂಥ ಹೆಚ್ಚುವರಿ ಪಂದ್ಯ ಈಗ ಇಲ್ಲ, 2022ರಿಂದ ಅಮೆರಿಕದ ವೃತ್ತಿಪರ ಮೇಜರ್ ಲೀಗಿನಲ್ಲೂ ನಿಮ್ಮ ಹಾಗೆ ಪರಸ್ಪರ ಲೆಕ್ಕವೇ.) 2007ರಲ್ಲಿ ನ್ಯೂಯಾರ್ಕ್ ಮೆಟ್ಸ್ 17 ಪಂದ್ಯ ಬಾಕಿ ಇದ್ದಾಗ ಏಳು ಪಂದ್ಯ ಮುಂದಿತ್ತು. ಆ ವಾರವೇ ಫಿಲಡೆಲ್ಫಿಯಾ ಫಿಲೀಸ್ ಅವರ ಮೈದಾನಕ್ಕೆ ಬಂದು ಮೂರಕ್ಕೆ ಮೂರೂ ಗೆದ್ದರು. ಸೀಸನ್ ಮುಗಿದಾಗ ಫಿಲೀಸ್ 89–73, ಮೆಟ್ಸ್ 88–74. ಇವು ನೆನಪಿನಲ್ಲಿ ಉಳಿದದ್ದೇ ಅಪರೂಪವೆಂಬ ಕಾರಣಕ್ಕೆ. ಮೂರು ಪಂದ್ಯ ಮುಂದಿದ್ದು ಸುಮ್ಮನೆ ಗೆದ್ದವರ ಕಥೆ ಯಾರೂ ಹೇಳುವುದಿಲ್ಲ. 1951ರ ನ್ಯೂಯಾರ್ಕ್ ಜೈಂಟ್ಸ್ ಹದಿಮೂರೂವರೆ ಪಂದ್ಯದಷ್ಟು ಹಿಂದಿನಿಂದ ಬಂದದ್ದನ್ನು ಉದಾಹರಣೆಯಾಗಿ ಇಟ್ಟುಕೊಳ್ಳಲೇಬೇಡಿ. ಅವರು ತಮ್ಮ ಮೈದಾನದಲ್ಲಿ ದುರ್ಬೀನು ಇಟ್ಟು ಯಾವ ಎಸೆತ ಹಾಕಬೇಕೆಂದು ಪಿಚರ್‌ಗೆ ಹೇಳುವ ಎದುರಾಳಿ ಕ್ಯಾಚರ್‌ನ ಸನ್ನೆಗಳನ್ನು ಕದಿಯುತ್ತಿದ್ದರೆಂದು ಅರ್ಧ ಶತಮಾನದ ಮೇಲೆ ಹೊರಬಿತ್ತು. ನಿಮ್ಮ ಸಾಫ್ಟ್‌ವೇರಿನಲ್ಲಿ ಆ ಸೌಲಭ್ಯ ಇರಲಾರದು.

ಇನ್ನು ಪಿಚರ್‌ಗಳ ಸರದಿ. ಕಡಿಮೆ ವಿಶ್ರಾಂತಿಯ ಪಾಠ 1964ರದು. ಫಿಲಡೆಲ್ಫಿಯಾ 12 ಪಂದ್ಯ ಬಾಕಿ ಇದ್ದಾಗ ಆರೂವರೆ ಮುಂದಿತ್ತು. ಮ್ಯಾನೇಜರ್ ಜೀನ್ ಮಾಕ್ ತನ್ನ ಇಬ್ಬರು ಉತ್ತಮ ಪಿಚರ್‌ಗಳಾದ ಜಿಮ್ ಬನಿಂಗ್ ಮತ್ತು ಕ್ರಿಸ್ ಶಾರ್ಟ್ ಅವರನ್ನು ಎರಡೇ ದಿನದ ವಿಶ್ರಾಂತಿಯಲ್ಲಿ ಮತ್ತೆ ಮತ್ತೆ ಇಳಿಸಿದರು. ತಂಡ ಸತತ ಹತ್ತು ಸೋತಿತು, ಪೆನಂಟ್ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಪಾಲಾಯಿತು. ಹತ್ತೂ ಸೋಲಿಗೆ ಅದೊಂದೇ ಕಾರಣ ಎಂದರೆ ಅನ್ಯಾಯ. ಆದರೆ ಮನುಷ್ಯರ ತೋಳಿನಲ್ಲಿ ದಣಿವು ಎಷ್ಟು ಎಂದು ಊಹಿಸಬೇಕು; ಸಿಮ್ಯುಲೇಶನ್‌ನಲ್ಲಿ ಅದು ನೇರವಾಗಿ ಒಂದು ಅಂಕಿ, ಪ್ರತಿ ಎಸೆತಕ್ಕೂ ಏರುತ್ತಾ ಹೋಗುತ್ತದೆ. ಛಲದಿಂದ ಅದನ್ನು ಮೀರುವ ಆಟಗಾರ ಅಲ್ಲಿಲ್ಲ.

ನಿಮ್ಮ ದಿನಗಳನ್ನು ಎಣಿಸೋಣ. ಪಂದ್ಯ 1ರಿಂದ 9, ಒಂದು ರಜೆ, 10ರಿಂದ 21, ಇನ್ನೊಂದು ರಜೆ, 22ರಿಂದ 24. ಒಟ್ಟು 26 ದಿನ. ಐವರು ಪಿಚರ್‌ಗಳ ಸರದಿಯ ಸೆಟಿಂಗ್ ‘ಕಟ್ಟುನಿಟ್ಟಾದ ಕ್ರಮ’ ಎಂದಿದ್ದರೆ ನಿಮ್ಮ ಮುಖ್ಯ ಪಿಚರ್ 1, 6, 11, 16, 21ನೇ ಪಂದ್ಯಗಳಿಗೆ ಬರುತ್ತಾನೆ. ಐದು ಪಂದ್ಯ, ಮತ್ತು ಕೊನೆಯ ಸರಣಿಯಲ್ಲಿ ಅವನು ಬೆಂಚಿನ ಮೇಲೆ! ಅದರ ಬದಲು ಪಂದ್ಯ ಎಣಿಸದೆ ದಿನ ಎಣಿಸಿ, ಪ್ರತಿ ಐದನೇ ದಿನ ಅವನನ್ನೇ ಇಳಿಸಿ: ದಿನ 1, 6, 11, 16, 21, 26. ರಜೆಗಳು ನಡುವೆ ಬರುವುದರಿಂದ ಇವು 1, 6, 10, 15, 20, 24ನೇ ಪಂದ್ಯಗಳಾಗುತ್ತವೆ. ಐದರ ಬದಲು ಆರು ಪಂದ್ಯ, ಎರಡೂ ಸರಣಿಗಳಲ್ಲಿ ಒಂದೊಂದು, ಒಂದು ದಿನವೂ ವಿಶ್ರಾಂತಿ ಕಡಿಮೆಯಾಗಿಲ್ಲ. ನಿಮ್ಮ ಪ್ರಶ್ನೆಗೆ ಸಿಗಬಹುದಾದ ಅತಿ ದೊಡ್ಡ ಲಾಭ ಇದೊಂದೇ, ಅದೂ ಪುಕ್ಕಟೆ.

ಉಳಿದವರನ್ನು ಹೊಂದಿಸುವಾಗ ಎದುರಾಳಿಯ ಬ್ಯಾಟಿಂಗ್ ಕ್ರಮ ನೋಡಿ. ಅವರ ಮೊದಲ ಐದಾರು ಬ್ಯಾಟರ್‌ಗಳಲ್ಲಿ ಎಡಗೈಯವರು ಹೆಚ್ಚಿದ್ದು, ನಿಮ್ಮಲ್ಲಿ ಒಬ್ಬ ಎಡಗೈ ಪಿಚರ್ ಇದ್ದರೆ ಅವನು ನಾಲ್ಕನೆಯವನಾಗಿದ್ದರೂ ಮೂರನೇ ಸ್ಥಾನಕ್ಕೆ ತನ್ನಿ. ಎಡಗೈ ಬ್ಯಾಟರ್‌ಗಳು ಎಡಗೈ ಪಿಚರ್ ಎದುರು ಮಂಕಾಗುವುದು ಬೇಸ್‌ಬಾಲ್‌ನ ಗಟ್ಟಿ ಸತ್ಯಗಳಲ್ಲೊಂದು, ಹಲವು ಸಿಮ್ಯುಲೇಶನ್‌ಗಳು ಅದನ್ನು ಬೇರೆ ಅಂಕಿಯಾಗಿಯೇ ಬರೆದಿಟ್ಟಿರುತ್ತವೆ. ಮೂರನೇ ಸ್ಥಾನದಲ್ಲಿ ಅವನಿಗೆ 3, 8, 12, 17ನೇ ಪಂದ್ಯಗಳು ಬರುತ್ತವೆ, ಒಂದು ದಿನ ಹೆಚ್ಚು ವಿಶ್ರಾಂತಿ ಪಡೆದು 22ಕ್ಕೂ ಸಿಗುತ್ತಾನೆ. ಎರಡನೇ ಪಿಚರ್ 2, 7, 11, 16, 21. ಇವನನ್ನು 21ರಿಂದ ತಪ್ಪಿಸಿ 23ಕ್ಕೆ ಇಟ್ಟುಕೊಳ್ಳೋಣ ಎಂಬ ಆಸೆ ಹುಟ್ಟುತ್ತದೆ. ಬೇಡ. ಆಗ 21ಕ್ಕೆ ಪೂರ್ಣ ವಿಶ್ರಾಂತಿಯ ಪಿಚರ್ ಯಾರೂ ಉಳಿಯುವುದಿಲ್ಲ, ಬುಲ್‌ಪೆನ್ ಇಡೀ ಪಂದ್ಯ ಎಸೆಯಬೇಕಾಗುತ್ತದೆ, ಮಾರನೇ ದಿನದ ರಜೆಯೂ ಅದನ್ನು ಪೂರ್ತಿ ತುಂಬಿಕೊಡುವುದಿಲ್ಲ. 23ಕ್ಕೆ ಈವರೆಗಿನ ಮೂರನೇ ಪಿಚರ್ ಸಾಕಷ್ಟು ವಿಶ್ರಾಂತಿಯಲ್ಲೇ ಇರುತ್ತಾನೆ. ಎರಡನೆಯವನಿಗೂ ಮೂರನೆಯವನಿಗೂ ಅಜಗಜಾಂತರ ಇದ್ದರೆ ಮಾತ್ರ ಬೇರೆ ಯೋಚನೆ ಮಾಡಿ.

ಇದೇ ಲೆಕ್ಕವನ್ನು ಎದುರಾಳಿಗೂ ಹಾಕಿ. ಅವರ ಮುಖ್ಯ ಪಿಚರ್ ಕೊನೆಯದಾಗಿ ಎಂದು ಎಸೆದ ಎಂಬುದು ಪ್ರತಿ ಪಂದ್ಯದ ಅಂಕಿಅಂಶ ಪಟ್ಟಿಯಾದ ಬಾಕ್ಸ್ ಸ್ಕೋರಿನಲ್ಲಿದೆ. ಅಲ್ಲಿಂದ ಐದೈದು ದಿನ ಎಣಿಸಿದರೆ ಅವನು ನಿಮ್ಮ ಮೊದಲ ಸರಣಿಯಲ್ಲಿ ಯಾವ ದಿನ ಬರುತ್ತಾನೆಂದು ತಿಳಿಯುತ್ತದೆ. ಬಹುತೇಕ ಮಾಲೀಕರು ಸರದಿಯನ್ನು ಸಾಫ್ಟ್‌ವೇರಿಗೇ ಬಿಟ್ಟು ಮಲಗುತ್ತಾರೆ. ನಿಜವಾದ ಆಟಗಾರರ ಅಂಕಿಗಳಿಟ್ಟುಕೊಂಡು ಆಡುವ ಕಾರ್ಡ್ ಲೀಗುಗಳಲ್ಲಿ ಇನ್ನೂ ಮಜಾ ಇದೆ. ಅಲ್ಲಿ ಒಬ್ಬ ಪಿಚರ್ ಆ ವರ್ಷ ನಿಜಕ್ಕೂ ಎಸೆದ ಇನ್ನಿಂಗ್ಸ್‌ಗಿಂತ ಹೆಚ್ಚು ಎಸೆಯದಂತೆ ಮಿತಿ ಹಾಕಿರುತ್ತಾರೆ, ಸೀಸನ್ನಿನ ಕೊನೆಗೆ ಯಾರ ಖಾತೆಯಲ್ಲಿ ಎಷ್ಟು ಉಳಿದಿದೆ ಎಂದು ನೋಡಿಟ್ಟುಕೊಂಡವನೇ ಜಾಣ. ನಿಮ್ಮ ಲೀಗಿನಲ್ಲಿ ಆ ಮಿತಿ ಇದ್ದರೆ ಮೇಲಿನ ಲೆಕ್ಕವನ್ನೆಲ್ಲ ಬದಿಗಿಟ್ಟು ಮೊದಲು ಅದನ್ನು ನೋಡಿ.

ಉಳಿದ ಹದಿನೆಂಟು ಪಂದ್ಯಗಳ ಎದುರಾಳಿಗಳು ಯಾರೆಂದು ನೀವು ಬರೆದಿಲ್ಲ. ನಿಮಗೆ ಬರುವವರು ಸರಾಸರಿ ಶೇ. 46ರ ತಂಡಗಳು, ಮೊದಲ ತಂಡಕ್ಕೆ ಬರುವವರು 54ರವು ಆಗಿದ್ದರೆ ಅದೇ ಹತ್ತಿರಹತ್ತಿರ ಒಂದೂವರೆ ಗೆಲುವು, ಅಂದರೆ ಈಗಿನ ಅಂತರದ ಅರ್ಧ. ತಿರುಗುಮುರುಗಾಗಿದ್ದರೆ ನಾನು ಹೇಳಿದ ಐದರಲ್ಲಿ ಒಂದು ಪಾಲು ಹತ್ತರಲ್ಲಿ ಒಂದಾಗಬಹುದು. ಸೆಪ್ಟೆಂಬರಿನಲ್ಲಿ ತಂಡ ಹಿಗ್ಗಿಸಲು ಲೀಗ್ ಬಿಟ್ಟರೆ (ಮೇಜರ್ ಲೀಗಿನಲ್ಲಿ 2020ರಿಂದ 28 ಮಂದಿ) ಒಬ್ಬ ರಿಲೀವರ್ (ಬದಲಿ ಪಿಚರ್), ಒಬ್ಬ ವೇಗದ ಓಟಗಾರ ಸಾಕು. ಹೊಸ ಬ್ಯಾಟರ್‌ಗಳನ್ನು ತಂದು ಕ್ರಮ ಕೆಡಿಸಬೇಡಿ.

ನನ್ನ ಊಹೆ ಕೇಳಿದರೆ: ಮೊದಲ ತಂಡ 96, ನೀವು 94, ಮೂರನೆಯವರು 93. ಹನ್ನೆರಡನೇ ಪಂದ್ಯ ಮುಗಿದ ರಾತ್ರಿ ಪಟ್ಟಿ ನೋಡಿ. ಅಂತರ ಎರಡು ಅಥವಾ ಕಡಿಮೆ ಇದ್ದರೆ ಮೇಲೆ ಹೇಳಿದ ಸರದಿಯಲ್ಲೇ ಮುಂದುವರಿಯಿರಿ. ಐದಕ್ಕೆ ಏರಿದ್ದರೆ ಪೆನಂಟ್ ಹೋಯಿತೆಂದೇ ಲೆಕ್ಕ. ಮುಖ್ಯ ಪಿಚರ್‌ಗೆ ವಿಶ್ರಾಂತಿ ಕೊಟ್ಟು, ಮುಂದಿನ ಸೀಸನ್ನಿಗೆ ಬೇಕಾದ ಹುಡುಗರನ್ನು ಕೆಳಗಿನ ತಂಡದಿಂದ ಕರೆಸಿ ಆಡಿಸಿ ನೋಡಿ.